ಅಸಹಜವೆಂಬುದು ಯಾರ ಲೆಕ್ಕ? ಆಫ್ರಿಕದ ವನ್ಯ ಸಸ್ತನಿಗಳ ನಡವಳಿಕೆ ಕುರಿತು



ಕಾಡುಪ್ರಾಣಿಯೊಂದು ನಾವು ನಿರೀಕ್ಷಿಸದ ರೀತಿಯಲ್ಲಿ ನಡೆದುಕೊಂಡಾಗ ಅದನ್ನು ಹೇಗೆ ಓದಬೇಕು ಎಂಬುದು ಇಂದಿನ ಉಪನ್ಯಾಸದ ವಿಷಯ. ಉದಾಹರಣೆಗಳನ್ನು ಹೆಚ್ಚಾಗಿ ಆಫ್ರಿಕದಿಂದಲೇ ಆರಿಸಿಕೊಂಡಿದ್ದೇನೆ. ದೊಡ್ಡ ಸಸ್ತನಿಗಳನ್ನು ಒಂದೇ ಜಾಗದಲ್ಲಿ, ಒಂದೊಂದನ್ನೂ ಗುರುತಿಟ್ಟುಕೊಂಡು, ದಶಕಗಟ್ಟಲೆ ಗಮನಿಸಿದ ಅಧ್ಯಯನಗಳು ಅಲ್ಲಿ ಹಲವು ಇರುವುದೇ ಇದಕ್ಕೆ ಕಾರಣ. ತಾಂಜಾನಿಯಾದ ಗೊಂಬೆಯಲ್ಲಿ ಚಿಂಪಾಂಜಿಗಳ ಅಧ್ಯಯನ ಶುರುವಾದದ್ದು 1960ರಲ್ಲಿ. ಸೆರೆಂಗೆಟಿಯ ಸಿಂಹಗಳದು 1966ರಲ್ಲಿ. ಕೀನ್ಯಾದ ಅಂಬೋಸೆಲಿಯ ಆನೆಗಳದು 1972ರಲ್ಲಿ. ಮಸಾಯಿ ಮಾರದ ಕತ್ತೆಕಿರುಬಗಳದು 1988ರಲ್ಲಿ. ಕಲಹಾರಿಯ ಮೀರ್‌ಕ್ಯಾಟ್‌ಗಳದು 1993ರಲ್ಲಿ. ಸಂಶೋಧಕರು ಬಂದಿದ್ದಾರೆ, ಹೋಗಿದ್ದಾರೆ. ಟಿಪ್ಪಣಿ ಪುಸ್ತಕ ಕೈಯಿಂದ ಕೈಗೆ ದಾಟಿದೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರಾಣಿಯ ನಡೆ ವಿಪರೀತವಾಗಿ ಕಂಡ ಬಹುಪಾಲು ಸಂದರ್ಭಗಳಲ್ಲಿ ನಾವು ಅದನ್ನು ಸಾಕಷ್ಟು ಕಾಲ ನೋಡಿರಲಿಲ್ಲ. ಇನ್ನು ಕೆಲವು ಸಂದರ್ಭಗಳಲ್ಲಿ ಆ ಪ್ರಾಣಿಯ ಬದುಕನ್ನು ನಾವೇ ಕೆಡಿಸಿದ್ದೆವು. ಇವೆರಡನ್ನೂ ಕಳೆದ ಮೇಲೆ ಉಳಿಯುವ ವಿಸ್ಮಯ ಬಹಳ ಸಣ್ಣದು. ಅದಕ್ಕೆ ಅವಸರದ ವಿವರಣೆ ಬೇಡ.

ಕತ್ತೆಕಿರುಬದಿಂದ ಆರಂಭಿಸೋಣ. ಇದರಷ್ಟು ಕೆಟ್ಟ ಹೆಸರು ಹೊತ್ತ ಪ್ರಾಣಿ ಇನ್ನೊಂದಿರಲಾರದು. ಹೆಣ ತಿನ್ನುವುದು, ಹೇಡಿ, ಹೆಣ್ಣೂ ಗಂಡೂ ಒಂದೇ ದೇಹದಲ್ಲಿರುವುದು: ಇವು ಅದರ ಮೇಲಿದ್ದ ಮೂರು ಆರೋಪಗಳು. ಮೂರನೆಯದು ಬಹಳ ಹಳೆಯದು. ಕ್ರಿಸ್ತಪೂರ್ವ ನಾಲ್ಕನೇ ಶತಮಾನದಲ್ಲೇ ಅರಿಸ್ಟಾಟಲ್ ಅದನ್ನು ಅಲ್ಲಗಳೆದಿದ್ದ. ಆದರೂ ಅದು ಸಾಯಲಿಲ್ಲ. ಚುಕ್ಕೆ ಕತ್ತೆಕಿರುಬದ ಮಟ್ಟಿಗೆ ಅದು ಹುಟ್ಟಲು ಕಾರಣವೂ ಇತ್ತೆನ್ನಿ. ಈ ಜಾತಿಯ ಹೆಣ್ಣಿನ ಜನನಾಂಗ ಹೊರನೋಟಕ್ಕೆ ಗಂಡಿನದರಂತೆಯೇ ನೀಳವಾಗಿದೆ. ಅದೇ ಇಕ್ಕಟ್ಟಿನ ಹಾದಿಯಲ್ಲಿ ಅದು ಮರಿ ಹಾಕಬೇಕು, ಚೊಚ್ಚಲು ಹೆರಿಗೆಯಲ್ಲಿ ಮರಿಗಳು ಸಾಯುವುದು ಸಾಮಾನ್ಯ. ಹೊರಗಿನಿಂದ ನೋಡಿ ಗಂಡು ಯಾವುದು, ಹೆಣ್ಣು ಯಾವುದು ಎಂದು ತಿಳಿಯದವರನ್ನು ದೂರುವಂತಿಲ್ಲ.

ಮೊದಲ ಎರಡು ಆರೋಪಗಳು ಬಿದ್ದುಹೋದದ್ದು 1960ರ ದಶಕದಲ್ಲಿ. ಡಚ್ ಮೂಲದ ಹಾನ್ಸ್ ಕ್ರೂಕ್ ಸೆರೆಂಗೆಟಿಯಲ್ಲೂ ಗೊರೊಂಗೊರೊ ಕುಳಿಯಲ್ಲೂ ಕತ್ತೆಕಿರುಬಗಳನ್ನು ರಾತ್ರಿಯ ಹೊತ್ತು ಹಿಂಬಾಲಿಸಿದರು. 1972ರಲ್ಲಿ ಪ್ರಕಟವಾದ ಅವರ ಗ್ರಂಥ ಹೇಳಿದ್ದು ಇಷ್ಟು: ಕತ್ತೆಕಿರುಬಗಳು ತಮ್ಮ ಆಹಾರದ ಬಹುಭಾಗವನ್ನು ತಾವೇ ಬೇಟೆಯಾಡುತ್ತವೆ, ಗುಂಪು ಕಟ್ಟಿ ಝೀಬ್ರಾವನ್ನೂ ವೈಲ್ಡೆಬೀಸ್ಟನ್ನೂ ಓಡಿಸಿ ಬೀಳಿಸುತ್ತವೆ, ಗೊರೊಂಗೊರೊದಲ್ಲಿ ಹಲವು ಬಾರಿ ಆ ಬೇಟೆಯನ್ನು ಕಸಿದುಕೊಳ್ಳುವುದು ಸಿಂಹ. ಬೆಳಗ್ಗೆ ಜೀಪಿನಲ್ಲಿ ಬಂದವರಿಗೆ ಕಾಣುತ್ತಿದ್ದ ನೋಟವೇ ಬೇರೆ. ಮಾಂಸದ ಮೇಲೆ ಸಿಂಹ ಕೂತಿದೆ, ಸುತ್ತ ಕತ್ತೆಕಿರುಬಗಳು ಕಾದಿವೆ. ಕೊಂದವರು ಯಾರೆಂದು ಕೇಳುವ ಪ್ರಮೇಯವೇ ಬರಲಿಲ್ಲ. ರಾತ್ರಿ ನಡೆದದ್ದನ್ನು ಹಗಲು ಕಂಡದ್ದರಿಂದ ತೀರ್ಮಾನಿಸಿದರೆ ಕಳ್ಳನೂ ಯಜಮಾನನೂ ಅದಲುಬದಲಾಗುತ್ತಾರೆ.

ಆಮೇಲಿನ ಅಧ್ಯಯನಗಳು ಇನ್ನಷ್ಟು ಒಳಗೆ ಹೋದವು. ಈ ಪ್ರಾಣಿಗಳ ಸಮಾಜದಲ್ಲಿ ಅಂತಸ್ತು ತಾಯಿಯಿಂದ ಮರಿಗೆ ಇಳಿಯುತ್ತದೆ. ಉನ್ನತ ಅಂತಸ್ತಿನ ತಾಯಿಯ ಎಳೆ ಮರಿ ಕೆಳ ಅಂತಸ್ತಿನ ಬೆಳೆದ ಹೆಣ್ಣನ್ನೂ ಮಾಂಸದಿಂದ ದೂರ ಅಟ್ಟಬಲ್ಲದು. ಪ್ರಾಯಕ್ಕೆ ಬಂದ ಗಂಡುಗಳಲ್ಲಿ ಹೆಚ್ಚಿನವು ಹುಟ್ಟಿದ ಗುಂಪು ಬಿಟ್ಟು ಬೇರೆ ಗುಂಪು ಸೇರಿ, ಅಲ್ಲಿ ಸಾಲಿನ ಕಟ್ಟಕಡೆಯಲ್ಲಿ ನಿಲ್ಲುತ್ತವೆ. ಹೆಣ್ಣಿನ ಈ ಮೇಲುಗೈಗೆ ಬಹಳ ಕಾಲ ಕೊಟ್ಟ ಕಾರಣ ಹಾರ್ಮೋನು ಮತ್ತು ದೇಹದ ಗಾತ್ರ. ಗೊರೊಂಗೊರೊದ ಎಂಟು ಗುಂಪುಗಳನ್ನು 1996ರಿಂದ ಬಿಡದೆ ದಾಖಲಿಸಿದ ಬರ್ಲಿನ್ನಿನ ಸಂಶೋಧಕರ ತಂಡ ಆ ವಿವರಣೆಯನ್ನು ಮರುಪರೀಕ್ಷೆಗೆ ಒಡ್ಡಿತು. ಎರಡು ಪ್ರಾಣಿಗಳು ಎದುರಾದಾಗ ಯಾವುದರ ಬೆನ್ನಿಗೆ ಹೆಚ್ಚು ನೆಂಟರಿಷ್ಟರು ನಿಲ್ಲಬಲ್ಲರೋ ಅದು ಗೆಲ್ಲುತ್ತದೆ. ಅದು ಗಂಡಾದರೂ ಸರಿ, ಹೆಣ್ಣಾದರೂ ಸರಿ. ಹುಟ್ಟಿದೂರಿನಲ್ಲಿ ಉಳಿಯುವುದು ಹೆಣ್ಣಾದ್ದರಿಂದ ಬೆಂಬಲವೂ ಹೆಣ್ಣಿಗೇ ಹೆಚ್ಚು. ಮೈಬಲದ ಒಗಟು ಎಂದು ನಾವು ತಿಳಿದದ್ದು ತವರಿನ ಬಲದ ಲೆಕ್ಕವಾಗಿತ್ತು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ವಂಶಾವಳಿ ಕೈಯಲ್ಲಿಲ್ಲದೆ ಈ ಮಾತನ್ನು ಹೇಳಲು ಯಾರಿಂದಲೂ ಸಾಧ್ಯವಿರಲಿಲ್ಲ.

ನೋಟದ ಅವಧಿಯಷ್ಟೇ ನಮ್ಮ ನೀತಿಯ ಕನ್ನಡಕವೂ ಅಡ್ಡಿಯಾಗುತ್ತದೆ. ಇದಕ್ಕೆ ಉದಾಹರಣೆ ಸಿಂಹದ ಶಿಶುಹತ್ಯೆ. ಆ ಕಥೆ ಶುರುವಾಗುವುದು ಆಫ್ರಿಕದಲ್ಲಲ್ಲ, ನಮ್ಮ ಧಾರವಾಡದಲ್ಲಿ ಎಂಬುದನ್ನು ಈ ಸಭೆಯಲ್ಲಿ ವಿಶೇಷವಾಗಿ ನೆನೆಯಬೇಕು.

1960ರ ದಶಕದ ಆರಂಭದಲ್ಲಿ ಜಪಾನಿನ ಯುಕಿಮಾರು ಸುಗಿಯಾಮ ಧಾರವಾಡದ ಆಸುಪಾಸಿನ ಕಾಡಿನಲ್ಲಿ ಮುಸಿಯಗಳನ್ನು, ಎಂದರೆ ಹನುಮಾನ್ ಲಂಗೂರ್‌ಗಳನ್ನು, ಅಭ್ಯಾಸ ಮಾಡುತ್ತಿದ್ದರು. ಹೊರಗಿನ ಗಂಡುಗಳ ತಂಡವೊಂದು ಹೆಣ್ಣುಗಳ ಗುಂಪಿನ ಮೇಲೆ ಏರಿಹೋಗಿ ಹಳೆಯ ಯಜಮಾನನನ್ನು ಓಡಿಸಿತು. ಕೊನೆಗೆ ಗೆದ್ದು ನಿಂತ ಒಂದು ಗಂಡು ಗುಂಪಿನಲ್ಲಿದ್ದ ಹಾಲುಗೂಸುಗಳನ್ನು ಕಚ್ಚಿ ಕೊಂದಿತು. ಕೆಲವೇ ದಿನಗಳಲ್ಲಿ ಆ ತಾಯಂದಿರು ಬೆದೆಗೆ ಬಂದು ಅದೇ ಗಂಡಿನೊಡನೆ ಕೂಡಿದವು. ಸುಗಿಯಾಮ ಕಂಡದ್ದನ್ನು ಕಂಡಂತೆ ಬರೆದರು. ಓದಿದವರು ಹೆಚ್ಚಿನವರು ನಂಬಲು ಹಿಂಜರಿದರು. ನಂಬಿದವರೂ ಅದನ್ನು ಕಾಯಿಲೆಯ ಲಕ್ಷಣ ಎಂದರು. ಮಂಗಗಳ ಸಂಖ್ಯೆ ಅತಿಯಾಗಿದೆ, ಮನುಷ್ಯರ ಒಡನಾಟದಿಂದ ಕೆಟ್ಟಿವೆ ಎಂಬ ಸಮಜಾಯಿಷಿ ಬಂತು. ಜೀವಿಗಳು ತಮ್ಮ ಜಾತಿಯ ಒಳಿತಿಗಾಗಿ ಬಾಳುತ್ತವೆ ಎಂದು ನಂಬಿದ್ದ ಕಾಲ ಅದು. ತನ್ನದೇ ಜಾತಿಯ ಕೂಸನ್ನು ಕೊಲ್ಲುವುದಕ್ಕೆ ಆ ನಂಬಿಕೆಯಲ್ಲಿ ಜಾಗವಿರಲಿಲ್ಲ.

ಹತ್ತು ವರ್ಷಗಳ ತರುವಾಯ ಸಾರಾ ಹ್ರಿಡಿ ರಾಜಸ್ಥಾನದ ಅಬೂ ಬೆಟ್ಟದಲ್ಲಿ ಇದೇ ಮುಸಿಯಗಳನ್ನು ನೋಡಿ ಬೇರೆ ಮಾತು ಹೇಳಿದರು. ಕೊಲ್ಲುವ ಗಂಡಿಗೆ ಆ ಕೂಸುಗಳು ತನ್ನವಲ್ಲ. ಹಾಲೂಡುವ ತಾಯಿ ಬೇಗ ಬೆದೆಗೆ ಬರುವುದಿಲ್ಲ. ಯಜಮಾನಿಕೆಯ ಅವಧಿಯೋ ಬಹಳ ಗಿಡ್ಡ. ಆ ಗಂಡಿನ ಸಂತಾನದ ದೃಷ್ಟಿಯಿಂದ ಈ ಕೊಲೆಗೆ ಲಾಭವಿದೆ. ಹ್ರಿಡಿ ಅವರನ್ನು ಟೀಕಿಸಿದವರು ಹಲವರು. ನೇಪಾಳದ ರಾಮನಗರದಲ್ಲಿ ಡಿಎನ್‌ಎ ಪರೀಕ್ಷೆ ಮಾಡಿದ ತಂಡ 1999ರಲ್ಲಿ ಫಲಿತಾಂಶ ಪ್ರಕಟಿಸಿತು: ಗಂಡು ಮುಸಿಯಗಳು ದಾಳಿ ಮಾಡಿದ ಕೂಸುಗಳು ಅವುಗಳ ಸ್ವಂತ ಮಕ್ಕಳಾಗಿರಲಿಲ್ಲ.

ಇತ್ತ ಸೆರೆಂಗೆಟಿಯಲ್ಲಿ ಜಾರ್ಜ್ ಶಾಲರ್, ಅವರ ಬಳಿಕ ಬ್ರಯನ್ ಬರ್ಟ್ರಮ್, 1978ರಿಂದ ಕ್ರೇಗ್ ಪ್ಯಾಕರ್ ಮತ್ತು ಆನ್ ಪ್ಯೂಸಿ ಇದೇ ಹಂದರವನ್ನು ಸಿಂಹದಲ್ಲಿ ಕಂಡರು. ಗಂಡುಸಿಂಹಗಳ ಕೂಟವೊಂದು ಗುಂಪನ್ನು ವಶಪಡಿಸಿಕೊಂಡರೆ ಅದರ ಆಳ್ವಿಕೆ ಸಾಮಾನ್ಯವಾಗಿ ಎರಡು ಮೂರು ವರ್ಷ. ಮರಿ ಸಾಕುತ್ತಿರುವ ಸಿಂಹಿಣಿ ಹೆಚ್ಚುಕಡಿಮೆ ಅಷ್ಟೇ ಕಾಲ ಮತ್ತೆ ಗರ್ಭ ಧರಿಸುವುದಿಲ್ಲ. ಮರಿಗಳು ಸತ್ತರೆ ಬೇಗನೆ ಬೆದೆಗೆ ಬರುತ್ತದೆ. ಸೆರೆಂಗೆಟಿಯಲ್ಲಿ ಮೊದಲ ವರ್ಷದೊಳಗೆ ಸಾಯುವ ಮರಿಗಳಲ್ಲಿ ಸುಮಾರು ಕಾಲುಭಾಗ ಹೀಗೆ ಹೊಸ ಗಂಡುಗಳ ಬಾಯಿಗೆ ಬೀಳುತ್ತವೆ. ಸಿಂಹಿಣಿಗಳೂ ಸುಮ್ಮನಿರುವುದಿಲ್ಲ. ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಈದು, ಮರಿಗಳನ್ನು ಒಟ್ಟಿಗೆ ಸಾಕಿ, ಬಂದ ಗಂಡನ್ನು ಒಗ್ಗೂಡಿ ಎದುರಿಸುತ್ತವೆ. ಸಿಂಹಗಳು ಗುಂಪಾಗಿ ಬದುಕುವುದು ಬೇಟೆಯ ಅನುಕೂಲಕ್ಕೆ ಎಂದು ನಾವು ಶಾಲೆಯಲ್ಲಿ ಓದಿದ್ದೆವು. ಮರಿಗಳ ರಕ್ಷಣೆ ಅದಕ್ಕಿಂತ ಬಲವಾದ ಕಾರಣ ಎಂದು ಪ್ಯಾಕರ್ ಮತ್ತು ಪ್ಯೂಸಿ ವಾದಿಸಿದರು. ನನಗೂ ಅದೇ ಹೆಚ್ಚು ಒಪ್ಪಿಗೆಯಾಗಿದೆ. ವಿಕೃತಿಯೆಂದು ಬದಿಗೆ ಸರಿಸಿದ ಸಂಗತಿಯೇ ಒಂದಿಡೀ ಸಮಾಜದ ರಚನೆಗೆ ಕೀಲಿಕೈಯಾಯಿತು. 2014ರಲ್ಲಿ 260 ಸಸ್ತನಿ ಜಾತಿಗಳ ಮಾಹಿತಿಯನ್ನು ಒಟ್ಟುಗೂಡಿಸಿದಾಗ ಹತ್ತಿರಹತ್ತಿರ ಅರ್ಧದಷ್ಟರಲ್ಲಿ ಗಂಡುಗಳ ಶಿಶುಹತ್ಯೆ ಕಂಡುಬಂತು. ಅರ್ಧದಷ್ಟು ಜಾತಿಗಳಲ್ಲಿ ನಡೆಯುವುದನ್ನು ಅಸಹಜ ಎನ್ನುವುದು ಹೇಗೆ?

ಇದು ಸಮರ್ಥನೆಯಲ್ಲ. ದುರ್ಗಸಿಂಹನ ಪಂಚತಂತ್ರದ ಕಾಲದಿಂದಲೂ ಪ್ರಾಣಿಗಳ ಬಾಯಲ್ಲಿ ನಮ್ಮ ನೀತಿಯನ್ನು ಆಡಿಸಿದ ಪರಂಪರೆ ನಮ್ಮದು. ಆ ಪರಂಪರೆ ಸಾಹಿತ್ಯಕ್ಕೆ ಒಪ್ಪುತ್ತದೆ. ಪ್ರಾಣಿಯ ನಡೆಯಿಂದ ಮನುಷ್ಯನಿಗೆ ಪರವಾನಗಿ ಹುಡುಕುವುದೂ, ಮನುಷ್ಯನ ಕಟ್ಟಳೆಯಿಂದ ಪ್ರಾಣಿಗೆ ಶಿಕ್ಷೆ ಹೇಳುವುದೂ ಒಂದೇ ತಪ್ಪಿನ ಎರಡು ಮುಖ. ಮೀರ್‌ಕ್ಯಾಟನ್ನೇ ನೋಡಿ. ಹಿಂಗಾಲ ಮೇಲೆ ನಿಂತು ಕಾವಲು ಕಾಯುವ ಈ ಪುಟ್ಟ ಪ್ರಾಣಿ ದೂರದರ್ಶನದ ಮುದ್ದಿನ ಕೂಸು. ಸಸ್ತನಿಗಳ ನಡುವಿನ ಹಿಂಸೆಯನ್ನು ಹೋಲಿಸಿ 2016ರಲ್ಲಿ ಪ್ರಕಟವಾದ ಪಟ್ಟಿಯಲ್ಲಿ ತನ್ನದೇ ಜಾತಿಯವರ ಕೈಯಲ್ಲಿ ಸಾಯುವ ಪ್ರಮಾಣ ಅತಿ ಹೆಚ್ಚಿರುವುದು ಅದರಲ್ಲೇ, ಐದರಲ್ಲಿ ಒಂದರಷ್ಟು ಸಾವು. ಪಟ್ಟದ ಹೆಣ್ಣು ಉಳಿದ ಹೆಣ್ಣುಗಳ ಮರಿಗಳನ್ನು ಕೊಲ್ಲುವುದು ಅಲ್ಲಿ ವಾಡಿಕೆ. ಕತ್ತೆಕಿರುಬಕ್ಕೆ ಸಿಕ್ಕ ಬೈಗುಳ ಅದಕ್ಕೆ ಸಿಗಲಿಲ್ಲ. ಮುಖ ಚೆನ್ನಾಗಿದೆ, ಅಷ್ಟೆ.

ಅದೇ ಮೀರ್‌ಕ್ಯಾಟ್ ಪಾಠ ಹೇಳಿಕೊಡುವ ಪ್ರಾಣಿಯೂ ಹೌದು. ಚಿಕ್ಕ ಮರಿಗೆ ದೊಡ್ಡವು ಸತ್ತ ಚೇಳು ತಂದುಕೊಡುತ್ತವೆ. ಸ್ವಲ್ಪ ಬೆಳೆದರೆ ಕೊಂಡಿ ಕಿತ್ತ ಜೀವಂತ ಚೇಳು. ಇನ್ನೂ ಬೆಳೆದ ಮೇಲೆ ಕೊಂಡಿ ಸಮೇತ. ಆದರೆ ಗುರು ಶಿಷ್ಯನ ಮಟ್ಟ ಅಳೆದು ನೋಡುತ್ತಿಲ್ಲ. ಮರಿ ಹಸಿದು ಕೂಗುವ ದನಿ ವಯಸ್ಸಿನೊಡನೆ ಬದಲಾಗುತ್ತದೆ. ದೊಡ್ಡವು ಆ ದನಿಗೆ ಓಗೊಡುತ್ತವೆ. ಎಳೆ ಮರಿಗಳ ಗುಂಪಿನಲ್ಲಿ ಬೆಳೆದ ಮರಿಯ ಧ್ವನಿಮುದ್ರಣ ನುಡಿಸಿದಾಗ ದೊಡ್ಡವು ಜೀವಂತ ಬೇಟೆಯನ್ನೇ ಹೆಚ್ಚು ತಂದವು. 2006ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಶಿಕ್ಷಣವೂ ನಿಜ, ಶಿಕ್ಷಕನ ಉದ್ದೇಶ ಬೇಕಿಲ್ಲ ಎಂಬುದೂ ನಿಜ.

ಈಗ ಎರಡನೆಯ ಬಗೆಯ, ಎಂದರೆ ಪ್ರಾಣಿಯ ಬದುಕನ್ನು ನಾವೇ ಕೆಡಿಸಿದ ಸಂಗತಿಗಳಿಗೆ ಬರುತ್ತೇನೆ. ದಕ್ಷಿಣ ಆಫ್ರಿಕದ ಪಿಲಾನೆಸ್ಬರ್ಗ್ ಉದ್ಯಾನದಲ್ಲಿ 1992ರಿಂದ 1997ರ ನಡುವೆ 40ಕ್ಕೂ ಹೆಚ್ಚು ಬಿಳಿ ಘೇಂಡಾಮೃಗಗಳು ಸತ್ತವು. ಕೊಂಬಿಗಾಗಿ ಕಳ್ಳಬೇಟೆಗಾರರು ಕೊಂದದ್ದಲ್ಲ, ಆನೆಗಳು ತಿವಿದು ಕೊಂದದ್ದು. ಎರಡೂ ಹುಲ್ಲು ಸೊಪ್ಪು ತಿನ್ನುವ ಪ್ರಾಣಿಗಳು, ಎಷ್ಟೋ ಕಾಲದಿಂದ ಒಂದೇ ಬಯಲಿನಲ್ಲಿ ಬಾಳಿದವು. ಕೊಲೆಗಾರರು ಹರೆಯದ ಸಲಗಗಳು.

ಇವು ಎಲ್ಲಿಂದ ಬಂದವು? ಕ್ರೂಗರ್ ಉದ್ಯಾನದಲ್ಲಿ ಆನೆಗಳ ಸಂಖ್ಯೆ ಹಿಡಿತದಲ್ಲಿಡಲೆಂದು 1967ರಿಂದ 1994ರವರೆಗೆ ಹಿಂಡುಗಳನ್ನು ಗುಂಡಿಟ್ಟು ಕೊಲ್ಲುತ್ತಿದ್ದರು. ದೊಡ್ಡ ಆನೆಗಳನ್ನು ಬೇರೆಡೆಗೆ ಸಾಗಿಸುವ ತಂತ್ರ ಮೊದಲಿಗೆ ಇರಲಿಲ್ಲ. ಮರಿಗಳನ್ನು ಉಳಿಸಿ, 1979ರಲ್ಲಿ ಆರಂಭವಾದ ಪಿಲಾನೆಸ್ಬರ್ಗ್‌ನಂಥ ಹೊಸ ಉದ್ಯಾನಗಳಿಗೆ ಸಾಗಿಸಿದರು. ತಾಯಿ, ಅಜ್ಜಿ, ಹಿರಿಯ ಸಲಗ ಯಾರೂ ಇಲ್ಲದ ಅನಾಥರ ಸಮಾಜವೊಂದು ಅಲ್ಲಿ ಬೆಳೆಯಿತು.

ಇಲ್ಲಿ ಮದದ ಮಾತು ಬರಬೇಕು. ಮದಗಜವಿಲ್ಲದ ಭಾರತೀಯ ಕಾವ್ಯವಿಲ್ಲ. ನಮ್ಮ ಮಾವುತರಿಗೂ ಕಾವಾಡಿಗಳಿಗೂ ಅದು ನಿತ್ಯದ ತಿಳಿವಳಿಕೆ. ಆಫ್ರಿಕದ ಆನೆಗೆ ಮಾತ್ರ ಮದವೇ ಇಲ್ಲ ಎಂದು ಪಾಶ್ಚಾತ್ಯ ವಿಜ್ಞಾನ ಬಹಳ ಕಾಲ ನಂಬಿತ್ತು. ಅಂಬೋಸೆಲಿಯಲ್ಲಿ ಸಿಂಥಿಯಾ ಮಾಸ್ ಮತ್ತು ಜಾಯ್ಸ್ ಪೂಲ್ ಸಲಗಗಳ ಮೂತ್ರ ತೊಟ್ಟಿಕ್ಕುವುದನ್ನು ಕಂಡಾಗ ಅವರಿಗೆ ಮೊದಲು ಬಂದ ಶಂಕೆ ಯಾವುದೋ ರೋಗದ್ದು. ಒಂದೊಂದು ಸಲಗವನ್ನೂ ಗುರುತಿಟ್ಟು ನೋಡಿದ ಮೇಲೆ, ವರ್ಷದಲ್ಲಿ ಬಂದುಹೋಗುವ ಅವಸ್ಥೆ ಅದು, ಏಷ್ಯಾದ ಆನೆಯ ಮದವೇ ಎಂದು ತಿಳಿಯಿತು, 1981ರಲ್ಲಿ ಪ್ರಕಟಿಸಿದರು. ಹತ್ತಿರವಿದ್ದವರ ತಿಳಿವಳಿಕೆ ವಿಜ್ಞಾನಕ್ಕೆ ತಡವಾಗಿ ತಲುಪಿದ್ದು ಇದೊಂದೇ ಸಲವಲ್ಲ. ಪೂರ್ವ ಆಫ್ರಿಕದ ಜುಟ್ಟಿಲಿ ವಿಷದ್ದು ಎಂದು ಅಲ್ಲಿನ ಜನ ಹೇಳುತ್ತಿದ್ದರು. ಬೇಟೆಗಾರರು ಬಾಣಕ್ಕೆ ಸವರುವ ವಿಷ ಬರುವ ಅಕೊಕಾಂಥೆರ ಮರದ ತೊಗಟೆಯನ್ನೇ ಆ ಇಲಿ ಜಗಿದು ತನ್ನ ಮೈಯ ವಿಶೇಷ ರೋಮಗಳಿಗೆ ಹಚ್ಚಿಕೊಳ್ಳುತ್ತದೆ ಎಂದು ಪ್ರಕಟವಾದದ್ದು 2011ರಲ್ಲಿ.

ಪಿಲಾನೆಸ್ಬರ್ಗ್‌ಗೆ ಮರಳೋಣ. ಆಫ್ರಿಕದ ಸಲಗಕ್ಕೆ ಸಾಮಾನ್ಯವಾಗಿ ಇಪ್ಪತ್ತೈದು ದಾಟಿದ ಮೇಲೆ ಮದ ಬರುತ್ತದೆ, ಮೊದಮೊದಲು ಕೆಲವು ದಿನ ಮಾತ್ರ ಇರುತ್ತದೆ. ಮದವೇರಿದ ಹಿರಿಯ ಸಲಗ ಎದುರಾದರೆ ಕಿರಿಯದರ ಮದ ಇಳಿದುಹೋಗುತ್ತದೆ. ಪಿಲಾನೆಸ್ಬರ್ಗ್‌ನ ಅನಾಥ ಸಲಗಗಳಿಗೆ ಹದಿನೆಂಟರ ಸುಮಾರಿಗೇ ಮದ ಬಂದಿತ್ತು, ಕೆಲವಕ್ಕೆ ತಿಂಗಳುಗಟ್ಟಲೆ ಇಳಿಯಲೇ ಇಲ್ಲ. ತಡೆಯುವ ಹಿರಿಯರಿರಲಿಲ್ಲ. 1998ರಲ್ಲಿ ಕ್ರೂಗರ್‌ನಿಂದ ಆರು ದೊಡ್ಡ ಸಲಗಗಳನ್ನು ತಂದುಬಿಟ್ಟರು. ಕಿರಿಯವುಗಳ ಮದದ ಅವಧಿ ಕುಗ್ಗಿತು, ಘೇಂಡಾಮೃಗಗಳ ಕೊಲೆ ನಿಂತಿತು. ಈ ವಿವರ 2000ದಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು.

ವಿಷಯ ಅಲ್ಲಿಗೇ ಮುಗಿದಿದ್ದರೆ ಸುಖಾಂತ್ಯ ಎನ್ನಬಹುದಿತ್ತು. ದಶಕ ಕಳೆದ ಮೇಲೆ ಸಂಶೋಧಕರು ಅಂಬೋಸೆಲಿಯಲ್ಲೂ ಪಿಲಾನೆಸ್ಬರ್ಗ್‌ನಲ್ಲೂ ಹೆಣ್ಣಾನೆಗಳ ಹಿಂಡಿಗೆ ಬೇರೆ ಆನೆಗಳ ಕರೆಗಳನ್ನು ಧ್ವನಿವರ್ಧಕದಲ್ಲಿ ಕೇಳಿಸಿದರು. ಕರೆದದ್ದು ಪರಿಚಿತ ಆನೆಯೋ ಅಲ್ಲವೋ, ಹಿರಿಯದೋ ಕಿರಿಯದೋ ಎಂಬುದಕ್ಕೆ ತಕ್ಕಂತೆ ಅಂಬೋಸೆಲಿಯ ಹಿಂಡುಗಳು ಒತ್ತೊತ್ತಾಗಿ ನಿಂತವು ಇಲ್ಲವೇ ನಿರಾಳವಾಗಿದ್ದವು. ಪಿಲಾನೆಸ್ಬರ್ಗ್‌ನ ಹಿಂಡುಗಳಲ್ಲಿ ಆ ವಿವೇಚನೆ ಕಾಣಲಿಲ್ಲ. ಅಜ್ಜಿಯಿಂದ ಮೊಮ್ಮಗಳಿಗೆ ದಾಟಬೇಕಾದ ಅರಿವು ಗುಂಡೇಟಿನ ದಿನವೇ ಕಡಿದುಹೋಗಿತ್ತು. ಆನೆಗಳ ಸಂಖ್ಯೆಯನ್ನಷ್ಟೇ ಎಣಿಸುವ ವನ್ಯಜೀವಿ ನಿರ್ವಹಣೆಯ ಮೇಲೆ ಇದಕ್ಕಿಂತ ಕಠಿಣ ತೀರ್ಪು ನನಗೆ ಗೊತ್ತಿಲ್ಲ.

ಮನುಷ್ಯನ ಕೈವಾಡ ಯಾವಾಗಲೂ ಕೇಡಿಗೇ ತಿರುಗುತ್ತದೆಂದೇನೂ ಇಲ್ಲ. ಒಮ್ಮೊಮ್ಮೆ ಅದು ಯಾರೂ ಯೋಜಿಸದ ಪ್ರಯೋಗವಾಗುತ್ತದೆ. ರಾಬರ್ಟ್ ಸಪೋಲ್ಸ್ಕಿ ಕೀನ್ಯಾದಲ್ಲಿ ಗಮನಿಸುತ್ತಿದ್ದ ಬಬೂನ್ ಗುಂಪೊಂದರಲ್ಲಿ ಜಗಳಗಂಟ ಗಂಡುಗಳು ಪ್ರವಾಸಿಗರ ವಸತಿಗೃಹದ ಕಸದ ಗುಂಡಿಗೆ ಹೋಗಿ, ಅಲ್ಲಿನ ಬೇರೊಂದು ಗುಂಪಿನೊಡನೆ ಕಾದಾಡಿ ತಿನ್ನುತ್ತಿದ್ದವು. 1980ರ ದಶಕದ ಮೊದಲ ಭಾಗದಲ್ಲಿ ಆ ಕಸದ ಮಾಂಸದಿಂದ ಕ್ಷಯ ತಗುಲಿ ಅವು ಸತ್ತವು. ಗುಂಪಿನ ಗಂಡುಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಹೋಗಿ, ಉಳಿದವು ಸಾಧು ಸ್ವಭಾವದವು. ಹತ್ತು ವರ್ಷಗಳ ಬಳಿಕ ಆ ಸಾಧುಗಳೂ ಇರಲಿಲ್ಲ. ಹೊರಗಿನಿಂದ ಬಂದು ಸೇರಿದ ಹೊಸ ಗಂಡುಗಳೇ ತುಂಬಿದ್ದವು. ಆದರೂ ಗುಂಪಿನ ನಡೆ ಮೃದುವಾಗಿಯೇ ಉಳಿದಿತ್ತು. ಬಬೂನ್ ಎಂದರೆ ಹುಟ್ಟಾ ಜಗಳಗಂಟ ಎಂಬ ಪಾಠವನ್ನು ಅಲ್ಲಿಗೆ ತಿದ್ದಬೇಕಾಯಿತು.

ಕೊನೆಯದಾಗಿ, ಯಾವ ಲೆಕ್ಕಕ್ಕೂ ಕೂಡದ ಒಂದು ಪ್ರಸಂಗ. 2001ರ ಕೊನೆಗೆ ಕೀನ್ಯಾದ ಸಂಬೂರು ಅಭಯಾರಣ್ಯದಲ್ಲಿ ಸಿಂಹಿಣಿಯೊಂದು ಓರಿಕ್ಸ್ ಹುಲ್ಲೆಯ ಕರುವನ್ನು ಕೊಲ್ಲದೆ ತನ್ನ ಬಳಿ ಇಟ್ಟುಕೊಂಡಿತು. ಸ್ಥಳೀಯರು ಅದನ್ನು ಕಮುನ್ಯಾಕ್ ಎಂದು ಕರೆದರು. ಕರುವನ್ನು ಕಾಯುತ್ತ ಬೇಟೆಯಾಡಲಾಗದೆ ಅದು ಸೊರಗಿತು. ಸುಮಾರು ಎರಡು ವಾರದ ಮೇಲೆ ಬೇರೊಂದು ಸಿಂಹ ಆ ಕರುವನ್ನು ಕೊಂದಿತು. ಮರುವರ್ಷ ಕಮುನ್ಯಾಕ್ ಮತ್ತೆ ಮತ್ತೆ ಹುಲ್ಲೆಯ ಕರುಗಳನ್ನು ಹೀಗೆಯೇ ಹಿಡಿದಿಟ್ಟುಕೊಂಡಿತು. 2017ರಲ್ಲಿ ಗೊರೊಂಗೊರೊ ಪ್ರದೇಶದ ಸಿಂಹಿಣಿಯೊಂದು ಚಿರತೆಯ ಮರಿಗೆ ಹಾಲೂಡಿದ ಚಿತ್ರ ಲೋಕವೆಲ್ಲ ಸುತ್ತಿತು. ಆದರೆ ಅದು ಆಗಷ್ಟೇ ಈದಿದ್ದ ಸಿಂಹಿಣಿ. ತಾಯ್ತನದ ಹಾರ್ಮೋನುಗಳಿಂದ ಅದನ್ನು ಬಹುಮಟ್ಟಿಗೆ ವಿವರಿಸಬಹುದು. ಕಮುನ್ಯಾಕ್‌ಗೆ ಆ ವಿವರಣೆ ಒದಗುವುದಿಲ್ಲ. ಕರುಣೆ ಎಂದರು, ಪವಾಡ ಎಂದರು, ಮನೋವಿಕಾರ ಎಂದರು. ಈ ಮೂರೂ ಹೆಸರುಗಳಿಂದ ನಮ್ಮ ತಿಳಿವಳಿಕೆ ಕೂದಲೆಳೆಯಷ್ಟೂ ಹೆಚ್ಚಿಲ್ಲ. ಕಂಡದ್ದನ್ನು ತಾರೀಖು ಸಮೇತ ಬರೆದಿಟ್ಟವರು ಮಾತ್ರ ಉಪಕಾರ ಮಾಡಿದರು. ಧಾರವಾಡದ ಮುಸಿಯದ ಪ್ರಸಂಗವೂ ಮೊದಲ ದಿನ ಇಂಥದೇ ಒಂಟಿ ಟಿಪ್ಪಣಿಯಾಗಿತ್ತು. ಎರಡನೆಯ, ಮೂರನೆಯ ಕಡೆಯಿಂದ ಸಾಕ್ಷ್ಯ ಬಂದ ಮೇಲೆ ಅದು ಜ್ಞಾನವಾಯಿತು. ಕಮುನ್ಯಾಕ್‌ನ ಟಿಪ್ಪಣಿಗೆ ಅಂಥ ಜೊತೆ ಸಿಕ್ಕಿಲ್ಲ.

ಗೌರವಾನ್ವಿತ ಸಭಿಕರೇ, ನಮ್ಮ ರಾಜ್ಯದಲ್ಲೂ ದೀರ್ಘ ಅಧ್ಯಯನಗಳಿವೆ. ನಾಗರಹೊಳೆಯ ಹುಲಿಗಳ ಮೇಲೆ 1980ರ ದಶಕದಿಂದ ಕೆಲಸ ನಡೆದಿದೆ. ಕಬಿನಿಯ ಆನೆಗಳನ್ನು 2009ರಿಂದ ಒಂದೊಂದಾಗಿ ಗುರುತಿಟ್ಟು ದಾಖಲಿಸುತ್ತಿದ್ದಾರೆ. ಇವು ಕೆಲವೇ. ಧಾರವಾಡದ ಮುಸಿಯಗಳು ಇಂದಿಗೂ ಅಲ್ಲಿಯೇ ಇವೆ, ಕೊಪ್ಪಳದ ಗುಡ್ಡಗಳಲ್ಲಿ ಪಟ್ಟೆ ಕತ್ತೆಕಿರುಬಗಳಿವೆ, ಸಮೀಪದಲ್ಲಿ ಕಾಲೇಜುಗಳೂ ಇವೆ. ಪ್ರಾಣಿಶಾಸ್ತ್ರ ವಿಭಾಗಗಳ ಮುಖ್ಯಸ್ಥರಲ್ಲಿ ನನ್ನ ವಿನಂತಿ ಇಷ್ಟು: ಒಂದು ಪ್ರಾಣಿ, ಒಂದು ಜಾಗ, ಒಂದು ಟಿಪ್ಪಣಿ ಪುಸ್ತಕ ಆರಿಸಿಕೊಳ್ಳಿ, ಪ್ರತಿವರ್ಷ ಹೊಸ ವಿದ್ಯಾರ್ಥಿಗಳ ತಂಡಕ್ಕೆ ಅದನ್ನು ದಾಟಿಸಿ, ಇಪ್ಪತ್ತು ವರ್ಷ ನಿಲ್ಲಿಸಬೇಡಿ. ಕಾಡಿನಲ್ಲಿ ಕಂಡ ವಿಶೇಷವನ್ನು ಮೊಬೈಲಿನಲ್ಲಿ ಹಂಚುವ ತರುಣರಲ್ಲಿಯೂ ಒಂದು ಕೋರಿಕೆ: ಚಿತ್ರದ ಜೊತೆಗೆ ತಾರೀಖು, ಹೊತ್ತು, ಜಾಗ, ಆ ಪ್ರಾಣಿಯ ಗುರುತು ಬರೆದಿಡಿ, ಮರುವರ್ಷ ಅದೇ ಜಾಗಕ್ಕೆ ಮತ್ತೆ ಹೋಗಿ ನೋಡಿ.